ಮೊದ್ಲು ಯಾವತ್ತು ನೆಟ್ಟಗಿತ್ತು?

ಭಾನುವಾರ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೇಲಿ ನಮ್ ಚಿಕ್ಕಪ್ಪ ಮೂರಕ್ಕೆ ಮೂರು ಕಾಯಿ ಮಿಸ್ ಮಾಡಿದ್ರು. ಸಕಲೇಶಪುರದ ಕಡೆಯೋರಿಗೆ ಇದೆಂಥ ಅವಮಾನ ಅಂತ ಬಿಡಿಸಿ ಹೇಳ್ಬೇಕಿಲ್ಲ. ಅದೂ ಸಣ್ಣ ಗುಂಡಿನ ಟೂಟೂ (.22) ರೈಫಲ್ಲಲ್ಲಿ, ಐವತ್ತು ಮೀಟರಿಗೆ, ಊರೋರೆಲ್ಲ ಶಾಮಿಯಾನದ ಕೆಳಗೆ ಕೂತು ನೋಡ್ತಿರುವಾಗ. ಅವರಾದ್ಮೇಲೆ ಬಂದ ಕಾಲೇಜು ಹುಡುಗಿ ಮೊದಲ ಗುಂಡಿಗೇ ಕಾಯಿ ಒಡೆದು ನೀರು ಚಿಮ್ಮಿಸಿದ್ಲು, ಚಿಕ್ಕಪ್ಪ ಚಪ್ಪಾಳೆ ತಟ್ಟಲಿಲ್ಲ, ಕೋವೀನ ಚೀಲಕ್ಕೆ ತುರುಕಿ ನನ್ನ ಕಡೆ ತಿರುಗಿ "ನಳಿಗೆ ಬಗ್ಗಿದೆ ಕಣೋ" ಅಂದ್ರು. ಹೋದ ತಿಂಗಳು ಜೀಪಿಂದ ಇಳಿಸುವಾಗ ಕೈಜಾರಿ ಕಲ್ಲಿನ ಮೇಲೆ ಬಿದ್ದಿತ್ತಂತೆ. ಬೀಳಿಸಿದ್ದು ನಾನಂತೆ. ಇರ್ಲಿ.

ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ ಅನ್ನೋ ಗಾದೆ ನಾಲಿಗೆ ತುದೀಲಿತ್ತು, ಆದ್ರೆ ವಾಪಸ್ ಮನೆಗೆ ಹೋಗ್ಬೇಕಿದ್ದಿದ್ದು ಅವರ ಜೀಪಲ್ಲೇ.

ಮಂಗಳವಾರ ಹಾಸನಕ್ಕೆ ಹೊರಟ್ವಿ. ಕೋವಿ ರಿಪೇರಿ ಮಾಡೋ ಒಬ್ಬ ಯಜಮಾನ್ರಿದ್ದಾರೆ ಅಲ್ಲಿ, ಹಳಬರಿಗೆಲ್ಲ ಗೊತ್ತು. ಲೈಸೆನ್ಸ್ ಬುಕ್ಕು ಪ್ಲಾಸ್ಟಿಕ್ ಕವರಲ್ಲಿ, ಕೋವಿ ಹಿಂದಿನ ಸೀಟಲ್ಲಿ, ಬಾಳ್ಳುಪೇಟೆ ದಾಟಿ ಆಲೂರು ಕ್ರಾಸ್ ಬರೋ ತನಕ ಚಿಕ್ಕಪ್ಪನದ್ದು ಒಂದೇ ಪುರಾಣ: ಅಜ್ಜನ ಕಾಲದಲ್ಲಿ ಈ ಕೋವಿ ದಾರ ಹಿಡಿದಂಗೆ ನೇರ ಹೊಡೀತಿತ್ತು, ಈಗ ಹಾಳಾಯ್ತು, ಯಾರಿಗೂ ಸಾಮಾನು ಜೋಪಾನ ಮಾಡೋಕೆ ಬರಲ್ಲ.

ಯಜಮಾನ್ರು ಮಾತು ಕಮ್ಮಿ. ಬೋಲ್ಟ್ ತೆಗೆದು ಪಕ್ಕಕ್ಕಿಟ್ಟು, ನಳಿಗೇನ ಕಿಟಕಿ ಕಡೆ ಎತ್ತಿ ಒಳಗೆ ನೋಡಿದ್ರು, ಸ್ವಲ್ಪ ತಿರುಗಿಸಿದ್ರು, ಮತ್ತೆ ನೋಡಿದ್ರು. ಕಿಟಕಿಯ ಅಡ್ಡಪಟ್ಟಿಯ ನೆರಳು ತೂತಿನ ಒಳಗೋಡೆ ಮೇಲೆ ಗೆರೆ ತರ ಬೀಳುತ್ತೆ, ಗೆರೆ ಎಲ್ಲಿ ಸೊಟ್ಟ ಕಾಣುತ್ತೋ ಅಲ್ಲಿ ಬಗ್ಗಿದೆ ಅಂತ ಲೆಕ್ಕ. ಹಿಂದೆ ಬಂದೂಕು ಕಾರ್ಖಾನೆಗಳಲ್ಲೂ ಇದೇ ಕಣ್ಣಳತೇಲೇ ನಳಿಗೆ ನೇರ ಮಾಡ್ತಿದ್ರಂತೆ. ಚಿಕ್ಕಪ್ಪ ತಡ್ಕೊಳ್ಳಲಾರದೆ ಕೇಳಿದ್ರು, "ಬಗ್ಗಿದೆ ಅಲ್ವಾ?"

"ಹೂಂ, ಬಗ್ಗಿದೆ."

ಚಿಕ್ಕಪ್ಪ ನನ್ನ ಕಡೆ ನೋಡಿದ ನೋಟ ಇದೆಯಲ್ಲ! ಅಷ್ಟರಲ್ಲಿ ಯಜಮಾನ್ರು ಕಣ್ಣು ತೆಗೀದೇನೇ ಇನ್ನೊಂದು ಮಾತು ಹಾಕಿದ್ರು.

"ಮೊದ್ಲು ಯಾವತ್ತು ನೆಟ್ಟಗಿತ್ತು?"

ಇವತ್ತಿಗೆ ನಾಲ್ಕು ದಿನ ಆಯ್ತು, ಹಲ್ಲುಜ್ಜುವಾಗಲೂ ಅದೇ ಮಾತು ಕೇಳಿಸುತ್ತೆ.

ಆಮೇಲೆ ಅವರು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಬರೀತೀನಿ. ಎರಡಡಿ ಉದ್ದದ ಉಕ್ಕಿನ ಸರಳಿಗೆ ಐದೂವರೆ ಮಿಲಿಮೀಟರಿನ ತೂತು ಕೊರೆಯೋದು, ಡ್ರಿಲ್ಲು ಅಷ್ಟು ದೂರ ಹೋಗುವಾಗ ಕೂದಲೆಳೆಯಷ್ಟಾದ್ರೂ ಆಚೀಚೆ ಸರಿದೇ ಸರಿಯುತ್ತೆ, ಎಂಥ ದುಬಾರಿ ಕೋವಿ ಆದ್ರೂ ಅಳತೆ ಹಿಡಿದು ನೋಡಿದ್ರೆ ಎಲ್ಲೋ ಒಂದು ಕಡೆ ಬಾಗಿರುತ್ತೆ. ಇದ್ರಿಂದ ಗುರಿ ಕೆಡಲ್ಲ. ಯಾಕಂದ್ರೆ ಗುಂಡು ಪ್ರತಿ ಸಲ ಅದೇ ಬಾಗಿನಲ್ಲೇ ಬಂದು, ತುದಿ ಯಾವ ಕಡೆ ಮುಖ ಮಾಡಿದೆಯೋ ಆ ಕಡೆನೇ ಹೋಗುತ್ತೆ, ನಾಲ್ಕು ಬೆರಳು ಎಡಕ್ಕೆ ಬಿದ್ರೆ ಎಲ್ಲ ಗುಂಡೂ ನಾಲ್ಕು ಬೆರಳು ಎಡಕ್ಕೇ ಬೀಳುತ್ತೆ, ಗುರಿ ಹಿಡಿಯೋ ಸೈಟ್ ಸ್ಕ್ರೂ ತಿರುಗಿಸಿದ್ರೆ ಮುಗೀತು. ಕೆಲವು ಮಿಸ್ತ್ರಿಗಳು ದೂರದ ಗುರಿಗೆ ಅನುಕೂಲ ಅಂತ ಆ ಬಾಗು ಮೇಲ್ಮುಖ ಬರೋ ಹಾಗೇ ನಳಿಗೆ ಕೂರಿಸ್ತಾರಂತೆ. ನಂಗೆ ನಂಬಿಕೆ ಬರಲಿಲ್ಲ, ರಾತ್ರಿ ಮೊಬೈಲಲ್ಲಿ ಹುಡುಕಿದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಮೂಲೆ ಆಚೆ ಹೊಡೆಯೋಕೆ ಅಂತ ಮೂವತ್ತು ಡಿಗ್ರಿ ಬಗ್ಗಿಸಿದ ನಳಿಗೇನೇ ಮಾಡಿದ್ರಂತೆ, ಗುಂಡು ಅದರೊಳಗೂ ತಿರುಗಿ ಆಚೆ ಬಂತಂತೆ, ಆದ್ರೆ ಸುಮಾರು 300 ಗುಂಡಿಗೆ ನಳಿಗೆ ಸತ್ತುಹೋಗ್ತಿತ್ತು.

"ಹಂಗಾದ್ರೆ ಬಡಿದು ನೇರ ಮಾಡಿಕೊಡಿ" ಅಂದ್ರು ಚಿಕ್ಕಪ್ಪ, ಪಟ್ಟು ಬಿಡದೆ. ಯಜಮಾನ್ರು ನಕ್ಕರು. ಮಾಡಬಹುದು, ಆದ್ರೆ ಬಲವಂತವಾಗಿ ನೇರ ಮಾಡಿದ ಉಕ್ಕು ಒಳಗೊಳಗೇ ಬಿಗಿ ಹಿಡ್ಕೊಂಡಿರುತ್ತೆ, ದೊಡ್ಡ ರೈಫಲ್ಲಾದ್ರೆ ಹತ್ತು ಗುಂಡು ಹೊಡೆದು ಬಿಸಿ ಏರಿದ ಮೇಲೆ ಹಳೇ ಬುದ್ಧಿಗೆ ಬರುತ್ತೆ, ಒಂದೊಂದು ಗುಂಡೂ ಒಂದೊಂದು ಇಂಚು ಸರೀತಾ ಹೋಗುತ್ತೆ, ಟೂಟೂ ಅಷ್ಟು ಕಾಯಲ್ಲ ಬಿಡಿ, ಆದ್ರೂ ಬೇಡ.

ಆಮೇಲೆ ಜೇಬಿಂದ ಹತ್ತು ರೂಪಾಯಿ ನೋಟು ತೆಗೆದು ನಳಿಗೆಗೂ ಅದು ಕೂತಿರೋ ಮರಕ್ಕೂ ಮಧ್ಯೆ ತೂರಿಸಿ ಎಳೆದ್ರು. ಸರಾಗ ಬರ್ತಿತ್ತು, ಅರ್ಧಕ್ಕೆ ಬಂದು ಸಿಕ್ಕಾಕಿಕೊಂಡ್ತು. ಈ ಸಲದ ಮಳೆಗೆ ಮರ ಉಬ್ಬಿ ಬಲಗಡೆ ನಳಿಗೆಗೆ ಒತ್ತುತಾ ಇದೆ. ಒಂದು ಗುಂಡಿಗೆ ಜಾಸ್ತಿ ಒತ್ತುತ್ತೆ, ಇನ್ನೊಂದಕ್ಕೆ ಕಮ್ಮಿ, ನೀವು ಹಿಡಿಯೋ ಬಿಗಿ ಮೇಲೂ ಬದಲಾಗುತ್ತೆ. ಆಮೇಲೆ ಹತ್ತಿ ಸುತ್ತಿದ ಕಡ್ಡೀನ ನಳಿಗೆ ಬಾಯಂಚಲ್ಲಿ ಸುತ್ತ ಆಡಿಸಿದ್ರು, ಒಂದು ಕಡೆ ಹತ್ತಿ ಎಳೆ ಕಚ್ಚಿಕೊಂಡ್ತು. ಕಲ್ಲಿಗೆ ಬಿದ್ದ ಗುರುತು, ಸಾಸಿವೆಯಷ್ಟೂ ಇಲ್ಲ. ಗುಂಡು ಕೊನೆಗೆ ಮುಟ್ಟಿ ಹೋಗೋ ಜಾಗ ಅದು, ಅಲ್ಲಿ ಹೊಗೆ ಒಂದು ಕಡೆಯಿಂದ ಮೊದ್ಲು ನುಗ್ಗಿದ್ರೆ ಗುಂಡಿನ ಬುಡ ತಳ್ಳಿದಂಗೆ ಆಗುತ್ತೆ. ಬಾಯಿ ತೀಡಿ, ಮರ ಉಜ್ಜಿ, ಮುನ್ನೂರು ರೂಪಾಯಿ ತಗೊಂಡ್ರು.

ಸೋ, ಸಾಸಿವೆಯಷ್ಟು ತಪ್ಪು ನಂದೂ ಇದೆ. ಒಪ್ಕೋತೀನಿ.

ವಾಪಸ್ ಬರುವಾಗ ನನ್ನ ತಲೇಲಿ ಕೋವಿ ಇರಲಿಲ್ಲ. ನಮ್ಮಪ್ಪನಿಗೂ ಚಿಕ್ಕಪ್ಪನಿಗೂ ಹದಿನಾಲ್ಕು ವರ್ಷದಿಂದ ಮಾತಿಲ್ಲ. ತೋಟ ಹಿಸ್ಸೆ ಆದಾಗ ಸರ್ವೆ ಕಲ್ಲು ಎರಡಡಿ ಆ ಕಡೆ ಈ ಕಡೆ ಆಗಿ ಶುರುವಾದ ಜಗಳ. ಮದುವೆ ಮನೇಲಿ ನೆಂಟರು ಸಿಕ್ಕಾಗೆಲ್ಲ ಅದೇ ರಾಗ, ಎಂಥ ಒಗ್ಗಟ್ಟಿನ ಮನೆ, ಹಿಸ್ಸೆ ಆಗಿ ಹಾಳಾಯ್ತು. ನಾನೂ ಹಂಗೇ ಅಂದ್ಕೊಂಡಿದ್ದೆ. ಆದ್ರೆ ಹಿಸ್ಸೆಗೆ ಮೊದ್ಲೂ ಅಪ್ಪ ಕೇಳದೇನೇ ಮೆಣಸು ಮಾರಿಬಿಡ್ತಿದ್ರು, ಚಿಕ್ಕಪ್ಪ ಊಟ ಬಿಟ್ಟು ಎದ್ದು ಹೋಗ್ತಿದ್ರು, ಅಜ್ಜಿ ಇಬ್ಬರಿಗೂ ಬೇರೆ ಬೇರೆ ಕತೆ ಹೇಳಿ ಮನೆ ನಡೆಸ್ತಿದ್ರು. ಅಜ್ಜಿ ಒಬ್ಬರೇ ಸೈಟ್ ಸ್ಕ್ರೂ ತಿರುಗಿಸ್ತಾ ಇದ್ರೇನೋ, ಅವರು ಹೋದ ಎರಡನೇ ವರ್ಷಕ್ಕೆ ಹಿಸ್ಸೆ ಆಯ್ತು. ಅಪ್ಪ ಇದನ್ನ ಓದಿದ್ರೆ ಬೈತಾರೆ, ಅವರು ನಾನು ಬರೆದಿದ್ದು ಓದಲ್ಲ ಅನ್ನೋ ಧೈರ್ಯ. ಈ ಕೋವಿ ಚಿಕ್ಕಪ್ಪನ ಪಾಲಿಗೆ ಹೋಗಿದ್ದಕ್ಕೂ ಅಪ್ಪನಿಗೆ ಇವತ್ತಿಗೂ ಹೊಟ್ಟೆಯೊಳಗೆ ಉರಿ ಇದೆ, ಅಪ್ಪನಿಗೆ ಕೋವಿ ಹಿಡಿಯೋಕೂ ಬರಲ್ಲ.

ಆಲೂರು ಹತ್ರ ಟೀ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ, "ಚಿಕ್ಕಪ್ಪ, ಅಜ್ಜನ ಕಾಲದಲ್ಲೂ ಇದು ಬಗ್ಗೇ ಇತ್ತಲ್ವಾ?" ಅವರು ಗ್ಲಾಸ್ ಊದ್ತಾ ಸುಮ್ಮನಿದ್ರು. ಆಮೇಲೆ "ಅಜ್ಜಂಗೆ ಗೊತ್ತಿತ್ತೇನೋ. ಯಾವಾಗ್ಲೂ ಕಾಯಿಯ ಬಲಗಡೆ ಅಂಚಿಗೆ ಇಡು ಅಂತಿದ್ರು" ಅಂದ್ರು.

ಅಷ್ಟರಲ್ಲಿ ಅವರ ಫೋನ್ ಬಂತು, ಸ್ಪರ್ಧೆ ನಡೆಸಿದ ಗೆಳೆಯಂದು. ಎದ್ದು ರಸ್ತೆ ಪಕ್ಕ ನಿಂತು, ಟೀ ಅಂಗಡಿಗೆಲ್ಲ ಕೇಳೋ ಹಂಗೆ ಹೇಳ್ತಿದ್ರು: "ಹೂಂ ಮಾರಾಯ, ನಳಿಗೆ ಬಗ್ಗಿತ್ತು. ಹಾಸನದಲ್ಲಿ ನೇರ ಮಾಡಿಸ್ಕೊಂಡು ಬಂದೆ."