ಶಾಲೆಯ ಸಭಾಂಗಣದಲ್ಲಿ 5 ಮೀಟರ್ ಆಕಾಶ

ಸಂಚಾರಿ ತಾರಾಲಯ, ಅಂದರೆ ಶಾಲೆಯಿಂದ ಶಾಲೆಗೆ ಹೊತ್ತೊಯ್ದು ಒಳಗೆ ಆಕಾಶ ತೋರಿಸುವ ಬಟ್ಟೆಯ ಗುಮ್ಮಟ, ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಪ್ರೊಜೆಕ್ಟರ್ ಎಷ್ಟು ಲ್ಯೂಮೆನ್ ಇರಬೇಕು?’ ಅಂತ (ಲ್ಯೂಮೆನ್ ಎಂದರೆ ಬೆಳಕಿನ ಅಳತೆ). ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ‘ಸಭಾಂಗಣದ ಫ್ಯಾನು ಎಷ್ಟು ಕೆಳಕ್ಕೆ ತೂಗುತ್ತಿದೆ?’ ಎಂಬುದು.

ಗಾಳಿ ತುಂಬಿ ನಿಲ್ಲಿಸುವ 5 ಮೀಟರ್ ವ್ಯಾಸದ ಗುಮ್ಮಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಳಗೆ ನೇರ ಗೋಡೆ ಸುಮಾರು 1 ಮೀಟರ್, ಅದರ ಮೇಲೆ 2.5 ಮೀಟರ್ ತ್ರಿಜ್ಯದ ಅರ್ಧಗೋಲ. ಒಟ್ಟು ಎತ್ತರ 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿ. ಸಾಮಾನ್ಯ ತರಗತಿ ಕೋಣೆಯಲ್ಲಿ ಇದು ನಿಲ್ಲುವುದಿಲ್ಲ. ಸಭಾಂಗಣದಲ್ಲೂ ಛಾವಣಿಯ ಎತ್ತರ ಅಳೆದು ಸಮಾಧಾನಪಟ್ಟುಕೊಳ್ಳಬೇಡಿ, ಫ್ಯಾನಿನ ರೆಕ್ಕೆಯಿಂದ ನೆಲಕ್ಕೆ ಅಳೆಯಿರಿ. ಗುಮ್ಮಟದ ನೆತ್ತಿಗೂ ರೆಕ್ಕೆಗೂ ನಡುವೆ ಒಂದಡಿಯಾದರೂ ಬೇಕು. ಆ ಸಾಲಿನ ಫ್ಯಾನ್ ಸ್ವಿಚ್ಚುಗಳ ಮೇಲೆ ಟೇಪ್ ಅಂಟಿಸಿ, ‘ಮುಟ್ಟಬೇಡಿ’ ಎಂದು ಬರೆಯಿರಿ. ಸೆಕೆಯಾಗುತ್ತಿದೆಯೆಂದು ಯಾರೋ ಪುಣ್ಯಾತ್ಮರು ಬಂದು ಸ್ವಿಚ್ ಒತ್ತಿದರೆ ಬಟ್ಟೆ ಹರಿಯಲು ಎರಡು ಸೆಕೆಂಡು ಸಾಕು. ನೆಲದಲ್ಲಿ 7 ಮೀಟರ್‌ಗೆ 7 ಮೀಟರ್ ಜಾಗವಿರಲಿ: ಸುತ್ತ ಓಡಾಡಲು, ಗಾಳಿ ತುಂಬುವ ಬ್ಲೋವರ್ ಇಡಲು, ಮಕ್ಕಳು ಚಪ್ಪಲಿ ಬಿಡಲು.

ಬಯಲಲ್ಲಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಈ ಗುಮ್ಮಟ ಗಾಳಿಗೆ ನಿಲ್ಲುವಂಥದ್ದಲ್ಲ, ಬಿಸಿಲಿಗೆ ಒಳಗೆ ಒಲೆಯಾಗುತ್ತದೆ. ಮೇ ತಿಂಗಳ ಬೆಂಗಳೂರಿನ ಸಂಜೆ ಮಳೆ ಹೇಳಿಕೇಳಿ ಬರುವುದಿಲ್ಲ.

ಗುಮ್ಮಟದ ಬಟ್ಟೆ ಬೆಂಕಿ ಹಿಡಿಯದಂಥದ್ದಾಗಿರಲಿ, ಹೊರಮೈ ಕಪ್ಪಾಗಿರಲಿ, ಒಳಮೈ ತಿಳಿ ಬೂದಿ ಬಣ್ಣದ್ದಾಗಿರಲಿ. ಒಳಗೆ ಅಚ್ಚ ಬಿಳಿ ಇದ್ದರೆ ಚೆನ್ನಲ್ಲವೇ ಎಂಬ ಅನುಮಾನ ಬರುತ್ತದೆ. ಚೆನ್ನಲ್ಲ, ಕಾರಣ ಸರಳ. ಅರ್ಧಗೋಲದ ಒಳಮೈಯಿಂದ ಚದುರಿದ ಬೆಳಕಿನಲ್ಲಿ ಅರ್ಧದಷ್ಟು ಅದೇ ಗೋಲದ ಬೇರೆ ಕಡೆಗಳ ಮೇಲೆ ಬೀಳುತ್ತದೆ. ಶೇ. 80ರಷ್ಟು ಬೆಳಕು ಹಿಂದಿರುಗಿಸುವ ಬಿಳಿ ಬಟ್ಟೆಯಲ್ಲಿ ಹೀಗೆ ಪುಟಿದಾಡುವ ಬೆಳಕು ಮೊದಲ ಬೆಳಕಿನ ಸುಮಾರು ಮೂರನೇ ಎರಡರಷ್ಟಾಗುತ್ತದೆ, ಶೇ. 50ರ ಬೂದಿ ಬಟ್ಟೆಯಲ್ಲಿ ಮೂರನೇ ಒಂದರಷ್ಟು. ಪೂರ್ವದಲ್ಲಿ ಚಂದ್ರ ಹುಟ್ಟಿದರೆ ಪಶ್ಚಿಮದ ನಕ್ಷತ್ರಗಳು ಮಂಕಾಗುವುದು ಇದರಿಂದಲೇ. ಉಳಿದರ್ಧ ಬೆಳಕು ನೆಲಕ್ಕೆ ಬೀಳುತ್ತದೆ, ಹಾಗಾಗಿ ಜಮಖಾನ ಕಡುಬಣ್ಣದ್ದೇ ಹಾಸಿ. ಶನಿವಾರ ಬಿಳಿ ಯೂನಿಫಾರ್ಮ್ ಇರುವ ಶಾಲೆಗೆ ಬೇರೆ ದಿನ ಹೋಗುವುದು ವಾಸಿ. ತಮಾಷೆಗಲ್ಲ, 30 ಬಿಳಿ ಅಂಗಿಗಳು ಸೇರಿದರೆ ಒಂದು ಸಣ್ಣ ದೀಪವೇ.

ಪ್ರೊಜೆಕ್ಟರ್ ಕೊಳ್ಳುವಾಗಲೂ ಇದೇ ತರ್ಕ. ನಕ್ಷತ್ರ ಚೆನ್ನಾಗಿ ಕಾಣಬೇಕಾದರೆ ಅದರ ಹಿಂದಿನ ಆಕಾಶ ಕಪ್ಪಾಗಿರಬೇಕು. ಲ್ಯೂಮೆನ್ ಲೆಕ್ಕ ಹಾಕೋಣ. 5 ಮೀಟರ್ ಅರ್ಧಗೋಲದ ಒಳಮೈ ವಿಸ್ತೀರ್ಣ 39 ಚದರ ಮೀಟರ್. ಫಿಶ್‌ಐ ಲೆನ್ಸಿನ (ಚಿತ್ರವನ್ನು ಇಡೀ ಗುಮ್ಮಟಕ್ಕೆ ಹರಡುವ ಲೆನ್ಸ್) ಚಿತ್ರ ದುಂಡಗಿರುತ್ತದೆ. 1920×1200 ಚೌಕಟ್ಟಿನಲ್ಲಿ 1200 ವ್ಯಾಸದ ವೃತ್ತವೆಂದರೆ ಪಿಕ್ಸೆಲ್‌ಗಳಲ್ಲಿ ಶೇ. 49 ಮಾತ್ರ ಬಳಕೆ. ಅಂದರೆ 4000 ಲ್ಯೂಮೆನ್‌ನ ಯಂತ್ರದಿಂದ ಗುಮ್ಮಟಕ್ಕೆ ಸಿಗುವುದು 1960, ಚದರ ಮೀಟರ್‌ಗೆ 50 ಲ್ಯೂಮೆನ್, ಅಂದರೆ 50 ಲಕ್ಸ್. ಲೆನ್ಸಿನಲ್ಲಿ ಕಳೆದದ್ದು ಬೇರೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇಷ್ಟು ಧಾರಾಳ. ಇದನ್ನು 6000ಕ್ಕೆ ಏರಿಸಿದರೆ ‘ಕಪ್ಪು’ ಎಂದು ತೋರಿಸುವ ಭಾಗದಿಂದ ಸೋರುವ ಬೆಳಕೂ ಅಷ್ಟೇ ಏರುತ್ತದೆ, ಆಕಾಶ ಬೂದಿಯಾಗುತ್ತದೆ. ಡಬ್ಬದ ಮೇಲೆ ಬರೆದಿರುವ ಲಕ್ಷಗಟ್ಟಲೆ ‘ಡೈನಾಮಿಕ್’ ಕಾಂಟ್ರಾಸ್ಟ್ ಅಂಕಿಯನ್ನು ಮರೆತುಬಿಡಿ. ಅದು ದೀಪವನ್ನು ಮಂಕು ಮಾಡಿ ಅಳೆದದ್ದು, ಒಂದೇ ಚಿತ್ರದಲ್ಲಿ ನಕ್ಷತ್ರವೂ ಕಪ್ಪೂ ಇರುವಾಗ ಉಪಯೋಗಕ್ಕೆ ಬಾರದು. ಅಂಗಡಿಯಲ್ಲಿ ದೀಪ ಆರಿಸಿ, ಪೂರ್ತಿ ಕಪ್ಪು ಚಿತ್ರ ಹಾಕಿಸಿ, ಗೋಡೆ ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಇನ್ನೊಂದು ವಿಷಯ: ಫಿಶ್‌ಐ ವ್ಯವಸ್ಥೆಯಲ್ಲಿ ಪ್ರೊಜೆಕ್ಟರ್ ನೆತ್ತಿಗೆ ಮುಖ ಮಾಡಿ ನೆಟ್ಟಗೆ ನಿಲ್ಲುತ್ತದೆ. ದೀಪದ ಬಲ್ಬ್ ಇರುವ ಹಳೆಯ ಮಾದರಿಗಳಲ್ಲಿ ಬಹಳಷ್ಟಕ್ಕೆ ಈ ಭಂಗಿ ನಿಷಿದ್ಧ. ಬಿಸಿ ಸರಿಯಾಗಿ ಹೊರಹೋಗದೆ ಬಲ್ಬ್ ಒಡೆಯಬಹುದು. ಕೈಪಿಡಿಯಲ್ಲಿ 360 ಡಿಗ್ರಿ ಅಳವಡಿಕೆಗೆ (ಯಾವ ಕೋನದಲ್ಲೂ ಇಡಲು) ಅನುಮತಿ ಇರುವ ಲೇಸರ್ ಅಥವಾ ಎಲ್‌ಇಡಿ ಮಾದರಿಯನ್ನೇ ಆರಿಸಿ.

ಫಿಶ್‌ಐ ಲೆನ್ಸ್ ದುಬಾರಿ. ಬದಲಿ ದಾರಿ ಉಬ್ಬುಗನ್ನಡಿಯದು. ಗುಮ್ಮಟದ ಅಂಚಿನಲ್ಲಿ ಕನ್ನಡಿ ಇಟ್ಟು, ಸಾಧಾರಣ ಪ್ರೊಜೆಕ್ಟರ್‌ನಿಂದ ಅದರ ಮೇಲೆ ಬೆಳಕು ಬಿಟ್ಟು ಆಕಾಶ ತುಂಬಿಸುವ ಈ ವಿಧಾನವನ್ನು ಆಸ್ಟ್ರೇಲಿಯದಲ್ಲಿ ಪಾಲ್ ಬೋರ್ಕ್ ಬೆಳೆಸಿದರು. ಖರ್ಚು ತಗ್ಗುತ್ತದೆ, ಗುಮ್ಮಟದ ನಡುವಿನ ಜಾಗ ಮಕ್ಕಳಿಗೆ ಉಳಿಯುತ್ತದೆ. ಆದರೆ ಪಾರ್ಕಿಂಗ್ ತಿರುವಿನಲ್ಲಿ ಹಾಕುವ ಉಬ್ಬುಗನ್ನಡಿ ತಂದರೆ ಪ್ರತಿ ನಕ್ಷತ್ರವೂ ಜೋಡಿಯಾಗಿ ಕಾಣುತ್ತದೆ, ಏಕೆಂದರೆ ಅದರ ಲೇಪ ಹಿಂದುಗಡೆ. ಮುಂಭಾಗದ ಪ್ಲಾಸ್ಟಿಕ್ಕೂ ಒಂದಿಷ್ಟು ಬೆಳಕು ಹಿಂತಿರುಗಿಸುತ್ತದೆ. ಮುಂಮೈ ಲೇಪದ ಕನ್ನಡಿಯೇ ಬೇಕು. ಅದನ್ನು ಬಟ್ಟೆಯಿಂದ ಒರೆಸಿದರೆ ಗೀರು ಖಂಡಿತ, ರಬ್ಬರ್ ಬಲ್ಬಿನಿಂದ ಗಾಳಿ ಊದಿ ದೂಳು ತೆಗೆಯಿರಿ. ಕನ್ನಡಿಯಿಂದ ಗುಮ್ಮಟದ ಹತ್ತಿರದ ಭಾಗಕ್ಕೂ ದೂರದ ಭಾಗಕ್ಕೂ ಅಂತರ ಬೇರೆಯಾದ್ದರಿಂದ ಎಲ್ಲ ಕಡೆ ಏಕಕಾಲಕ್ಕೆ ಫೋಕಸ್ ಸಿಗದು. ಮಕ್ಕಳ ಮುಖ ತಿರುಗಿರುವ ಕಡೆ ಚುರುಕಾಗಿಸಿ, ಬೆನ್ನ ಹಿಂದಿನದನ್ನು ಬಿಟ್ಟುಬಿಡಿ. ಹಣ ಹೊಂದುವುದಾದರೆ ನನ್ನ ಮತ ಫಿಶ್‌ಐಗೇ: ಪ್ರತಿ ಶಾಲೆಯಲ್ಲೂ ಕನ್ನಡಿಯ ಕೋನ ಹೊಂದಿಸುವ ಕೆಲಸ ಬೇಗ ಬೇಜಾರಾಗುತ್ತದೆ.

ವಿದ್ಯುತ್ತಿಗೆ ಎರಡು ದಾರಿ ಮಾಡಿ. ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಸ್ಪೀಕರ್ ಒಂದು 1 ಕೆವಿಎ ಯುಪಿಎಸ್‌ಗೆ. ಬ್ಲೋವರ್ ಬೇರೆ ಪ್ಲಗ್‌ಗೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎರಡನ್ನೂ ಒಂದೇ ಯುಪಿಎಸ್‌ಗೆ ಕಟ್ಟಿದರೆ ಅದು ಟ್ರಿಪ್ ಆಗಿ ಆಕಾಶವೂ ಗುಮ್ಮಟವೂ ಒಟ್ಟಿಗೇ ಬೀಳುತ್ತವೆ. ಶಾಲೆಯ ಪ್ಲಗ್‌ನಲ್ಲಿ ಅರ್ತಿಂಗ್ ಇದೆಯೇ ಎಂದು ಸಾಕೆಟ್ ಟೆಸ್ಟರ್ ಚುಚ್ಚಿ ನೋಡಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಒಮ್ಮೆಗೇ ಕೊಂಡು ಪೆಟ್ಟಿಗೆಯಲ್ಲಿ ಹಾಕಿಡಬೇಕಾದವು: 16 ಆಂಪ್ಸ್‌ನಿಂದ 6 ಆಂಪ್ಸ್‌ಗೆ ಇಳಿಸುವ ಪ್ಲಗ್, 10 ಮೀಟರ್ ಎಕ್ಸ್‌ಟೆನ್ಷನ್, ಎರಡನೆಯ ಎಚ್‌ಡಿಎಂಐ ಕೇಬಲ್, ಟೇಪು. ಕೇಬಲ್ ಕೈಕೊಟ್ಟಷ್ಟು ಬೇರೇನೂ ಕೈಕೊಡುವುದಿಲ್ಲ. ಬ್ಲೋವರನ್ನು 2–3 ಮೀಟರ್ ಬಟ್ಟೆ ಕೊಳವೆಯ ತುದಿಯಲ್ಲಿಟ್ಟರೆ ಸದ್ದು ತಗ್ಗುತ್ತದೆ. ಅದರ ಬಾಯಿ ಜನರೇಟರ್ ಹೊಗೆ ಬರುವ ಕಿಟಕಿಯ ಕಡೆಗಿರಕೂಡದು, ಒಳಗಿನ ಮಕ್ಕಳು ಉಸಿರಾಡುವುದು ಅದೇ ಗಾಳಿಯನ್ನು.

ಈಗ ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ, ದಿಗಂತ ಸಮ ಮಾಡುವುದು. ಲೆನ್ಸ್ ಅರ್ಧಗೋಲದ ಕೇಂದ್ರದಲ್ಲಿ, ಅಂದರೆ ನೆಲದಿಂದ 1 ಮೀಟರ್ ಎತ್ತರದಲ್ಲಿ ಇರಬೇಕು. ಕೂತ ಏಳನೇ ತರಗತಿಯ ಮಗುವಿನ ತಲೆ ಅದಕ್ಕಿಂತ ಕೆಳಗೇ ಉಳಿಯುತ್ತದೆ. ಲೆನ್ಸನ್ನು ಮೇಜಿನಿಂದಿಳಿಸಿ ಸ್ಟೂಲಿನ ಮೇಲಿಟ್ಟರೋ, ದಿಗಂತದ ತುಂಬ ತಲೆಗಳ ನೆರಳು. ಪ್ರೊಜೆಕ್ಟರ್‌ನ ಕೀಸ್ಟೋನ್ (ಓರೆ ಚಿತ್ರ ನೇರ್ಪಡಿಸುವ ಸೌಲಭ್ಯ) ಸೊನ್ನೆಗೆ ತನ್ನಿ, ಚಿತ್ರದ ಅನುಪಾತ ಯಂತ್ರದ ಮೂಲ ಅನುಪಾತವೇ ಇರಲಿ, ಸಿಗ್ನಲ್ ಇಲ್ಲದಾಗ ಬರುವ ನೀಲಿ ಪರದೆಯನ್ನು ಕಪ್ಪಿಗೆ ಬದಲಾಯಿಸಿ. ಲ್ಯಾಪ್‌ಟಾಪ್‌ನ ಸ್ಲೀಪ್, ಅಪ್‌ಡೇಟ್, ನೋಟಿಫಿಕೇಷನ್ ಎಲ್ಲ ಬಂದ್ ಮಾಡಿ.

ಸ್ಟೆಲೇರಿಯಂ ಆಕಾಶ ತೋರಿಸುವ ಉಚಿತ ತಂತ್ರಾಂಶ, ಶಾಲೆಗೆ ಅದೇ ಸಾಕು. ಪ್ರೊಜೆಕ್ಷನ್ ಫಿಶ್‌ಐ ಆಯ್ದು, ನೋಟದ ವಿಸ್ತಾರ 180 ಡಿಗ್ರಿ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಡಿಸ್ಕ್ ವ್ಯೂಪೋರ್ಟ್ (ದುಂಡು ಚೌಕಟ್ಟು), ಗ್ರಾವಿಟಿ ಲೇಬಲ್ಸ್ (ದಿಗಂತಕ್ಕೆ ತಕ್ಕಂತೆ ನೆಟ್ಟಗೆ ನಿಲ್ಲುವ ಹೆಸರುಗಳು) ಎರಡಕ್ಕೂ ಟಿಕ್ ಹಾಕಿ. ಕನ್ನಡಿ ಬಳಸುವವರು ಸ್ಫೆರಿಕ್ ಮಿರರ್ ಡಿಸ್ಟಾರ್ಷನ್ ಟಿಕ್ ಮಾಡಿ, ಕನ್ನಡಿಯ ತ್ರಿಜ್ಯ ಮತ್ತು ಸ್ಥಾನಗಳನ್ನು ಕಾನ್ಫಿಗ್ ಫೈಲಿನಲ್ಲಿ ತುಂಬಬೇಕು. ಶಿಫ್ಟ್ ಮತ್ತು ಝಡ್ ಒತ್ತಿದರೆ ನೆತ್ತಿ ನಡುವಿಗೆ ಬರುತ್ತದೆ. ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಕಂಟ್ರೋಲ್, ಶಿಫ್ಟ್, ಎಚ್ ಒಟ್ಟಿಗೆ. ಬಳಿಕ ಝಡ್ ಒತ್ತಿ ದಿಗಂಶ ಗ್ರಿಡ್ (ದಿಕ್ಕು, ಎತ್ತರ ತೋರಿಸುವ ಗೆರೆಗಳ ಜಾಲ) ಹಾಕಿ, ಮೊದಲು ನೆತ್ತಿಯಲ್ಲಿ, ಆಮೇಲೆ ಅಂಚಿನಲ್ಲಿ ಫೋಕಸ್ ನೋಡಿ. ನಾಲ್ಕೂ ದಿಕ್ಕಿನಲ್ಲಿ ನೆಲದಿಂದ ದಿಗಂತದ ಗೆರೆಯವರೆಗೆ ಟೇಪ್ ಹಿಡಿದು ಅಳೆಯಿರಿ. ಪ್ರೊಜೆಕ್ಟರ್ 1 ಡಿಗ್ರಿ ವಾಲಿದರೆ ಒಂದು ಕಡೆ 4 ಸೆಂಟಿಮೀಟರ್ ಮೇಲೆ, ಎದುರು ಕಡೆ ಅಷ್ಟೇ ಕೆಳಗೆ. ಎದುರುಬದುರಿನ ವ್ಯತ್ಯಾಸ 2 ಸೆಂಟಿಮೀಟರ್‌ಗೆ ಇಳಿಯುವವರೆಗೆ ಸ್ಟ್ಯಾಂಡಿನ ಕಾಲು ತಿರುಗಿಸುತ್ತಿರಿ. ಗುಮ್ಮಟ ಪೂರ್ತಿ ಬಿಗಿದ ಮೇಲೇ ಈ ಅಳತೆ. ಜಿಪ್ ಅರ್ಧ ತೆರೆದಿದ್ದರೆ ಬಟ್ಟೆ ಜೋಲುತ್ತದೆ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಗುಮ್ಮಟದ ಉತ್ತರ ನಿಜವಾದ ಉತ್ತರಕ್ಕೇ ಹೊಂದುವಂತೆ ಪ್ರೊಜೆಕ್ಟರ್ ತಿರುಗಿಸಿಡಿ. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಕಂಬಗಳಿಂದ ದೂರ, ಹೊರಗೆ ನೋಡಿಕೊಂಡು ಬನ್ನಿ. ಒಳಗೆ ಧ್ರುವ ನಕ್ಷತ್ರ ನೋಡಿದ ಮಗು ಹೊರಬಂದು ‘ಹಾಗಾದರೆ ಅದು ನೀರಿನ ಟ್ಯಾಂಕಿನ ಮೇಲಿದೆ’ ಎನ್ನಬಹುದು.

ರೆಸಲ್ಯೂಷನ್ ಮಿತಿ ತಿಳಿದಿರಲಿ. 180 ಡಿಗ್ರಿಗೆ 1200 ಪಿಕ್ಸೆಲ್ ಎಂದರೆ ಒಂದೊಂದು ಪಿಕ್ಸೆಲ್ 0.15 ಡಿಗ್ರಿ, ಬಟ್ಟೆಯ ಮೇಲೆ ಆರೂವರೆ ಮಿಲಿಮೀಟರ್. ಅರ್ಧ ಡಿಗ್ರಿಯ ಚಂದ್ರನಿಗೆ ಸಿಗುವುದು ಮೂರೇ ಪಿಕ್ಸೆಲ್! ಅದಕ್ಕೇ ಸ್ಟೆಲೇರಿಯಂನಲ್ಲಿ ಚಂದ್ರನನ್ನು ದೊಡ್ಡದು ಮಾಡುವ ಆಯ್ಕೆ ಇಟ್ಟಿದ್ದಾರೆ. ಬಳಸಿ, ಆದರೆ ದೊಡ್ಡದು ಮಾಡಿದ್ದೇವೆ ಎಂದು ಮಕ್ಕಳಿಗೆ ಹೇಳಿ. ನಕ್ಷತ್ರಗಳನ್ನು 6ನೇ ಕಾಂತಿಮಾನಕ್ಕೆ, ಅಂದರೆ ಬರಿಗಣ್ಣಿಗೆ ಕಾಣುವ ಮಿತಿಗೆ, ನಿಲ್ಲಿಸಿ. ಅದಕ್ಕಿಂತ ಮಂಕಾದವನ್ನೂ ಸೇರಿಸಿದರೆ ಆಕಾಶ ರವೆ ಚೆಲ್ಲಿದಂತಾಗುತ್ತದೆ. ಕನ್ನಡದಲ್ಲಿ ಹೆಸರು ಹಾಕುವುದಾದರೆ ಅಕ್ಷರ ದೊಡ್ಡದಿರಲಿ. ‘ಕೃತ್ತಿಕಾ’, ‘ಜ್ಯೇಷ್ಠಾ’ ಮುಂತಾದವುಗಳ ಒತ್ತಕ್ಷರ ಸಣ್ಣ ಗಾತ್ರದಲ್ಲಿ ಮುದ್ದೆಯಾಗುತ್ತದೆ. ಲ್ಯಾಪ್‌ಟಾಪ್ ಪರದೆಯ ಬೆಳಕೇ ಗುಮ್ಮಟ ತುಂಬುತ್ತದೆಂದು ನೈಟ್ ಮೋಡ್ ಒತ್ತಿದರೆ ಇಡೀ ಆಕಾಶ ಕೆಂಪಾಗುತ್ತದೆ; ಪರದೆಗೆ ಕೆಂಪು ಜಿಲೆಟಿನ್ ಹಾಳೆ ಅಂಟಿಸುವುದೇ ಸರಿ.

ಸ್ಥಳ ಬೆಂಗಳೂರು: ಅಕ್ಷಾಂಶ 12.97 ಉತ್ತರ, ರೇಖಾಂಶ 77.59 ಪೂರ್ವ. ಆರಂಭಕ್ಕೆ ಬೆಳಕು ಮಾಲಿನ್ಯವನ್ನು ಬೋರ್ಟಲ್ ಅಳತೆಯ (1 ಅತಿ ಕತ್ತಲೆ, 9 ಅತಿ ಬೆಳಕು) 9ಕ್ಕೆ ಇಡಿ, ಅದು ಮಕ್ಕಳು ಮನೆ ಮಹಡಿಯಿಂದ ನೋಡುವ ಆಕಾಶ. ಒಂದೊಂದೇ ಮೆಟ್ಟಿಲು ಇಳಿಸುತ್ತ 1ಕ್ಕೆ ತನ್ನಿ. ಮಾತು ಬೇಡ, ಇಲ್ಲಿ ಮಕ್ಕಳೇ ಸದ್ದು ಮಾಡುತ್ತಾರೆ. ಧ್ರುವ ಉತ್ತರದಲ್ಲಿ 13 ಡಿಗ್ರಿಯಷ್ಟೇ ಎತ್ತರದಲ್ಲಿದೆ, ಅಗಸ್ತ್ಯ ನಕ್ಷತ್ರ ದಕ್ಷಿಣದಲ್ಲಿ 24 ಡಿಗ್ರಿಯವರೆಗೆ ಏರುತ್ತದೆ.

ನಮ್ಮ ಕಡೆಯ ಮಕ್ಕಳಿಗೆ ತೋರಿಸಲೇಬೇಕಾದ್ದು ಮಳೆ ನಕ್ಷತ್ರ. ಅಜ್ಜಿ ‘ಆರಿದ್ರಾ ಮಳೆ ಹುಟ್ಟಿತು’ ಅಂದದ್ದನ್ನು ಕೇಳಿದವರು ಆನೇಕಲ್, ಮಾಗಡಿ ಕಡೆಯ ಶಾಲೆಗಳಲ್ಲಿ ಇದ್ದೇ ಇರುತ್ತಾರೆ. ದಿನಾಂಕ ಜೂನ್ 21, ಸಮಯ ಮಧ್ಯಾಹ್ನ 12 ಇಡಿ. ನೀಲಿ ಆಕಾಶ, ನೆತ್ತಿಯ ಹತ್ತಿರ ಸೂರ್ಯ. ಈಗ ಎ ಒತ್ತಿ ವಾತಾವರಣ ತೆಗೆಯಿರಿ. ಹಗಲಲ್ಲೇ ನಕ್ಷತ್ರಗಳು ಮೂಡುತ್ತವೆ, ಸೂರ್ಯನ ದಕ್ಷಿಣಕ್ಕೆ 16 ಡಿಗ್ರಿಯಲ್ಲಿ ಕೆಂಪಗೆ ಆರ್ದ್ರಾ. ದಿನಾಂಕವನ್ನು ಮೇ 31ಕ್ಕೆ ಹಿಂದೆ ಸರಿಸಿದರೆ ಸೂರ್ಯ ರೋಹಿಣಿಯ ಬಳಿ. ಮಳೆಗೆ ಆ ಹೆಸರು ಏಕೆ, ಆ ನಕ್ಷತ್ರ ಆಗ ರಾತ್ರಿ ಕಾಣುವುದಿಲ್ಲ ಏಕೆ, ಎರಡೂ ಪ್ರಶ್ನೆಗೆ ಒಂದೇ ಕೀಲಿಯಲ್ಲಿ ಉತ್ತರ.

ಆಕಾಶ ತಿರುಗಿಸುವಾಗ ನಿಧಾನ. ಒಂದು ರಾತ್ರಿಯನ್ನು 10 ಸೆಕೆಂಡಿನಲ್ಲಿ ಓಡಿಸಿದರೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ, ಮುಚ್ಚಿದ ಗುಮ್ಮಟದಲ್ಲಿ ಒಬ್ಬರು ವಾಂತಿ ಮಾಡಿಕೊಂಡರೆ ಅಂದಿನ ಉಳಿದ ಆಟಗಳೂ ಹೋದವು. ಎರಡು ನಿಮಿಷ ಕೊಡಿ. ಒಂದು ಸಲಕ್ಕೆ 30 ಮಕ್ಕಳಿಗಿಂತ ಹೆಚ್ಚು ಬೇಡ. ತಲಾ ಸುಮಾರು 80 ವ್ಯಾಟ್ ಲೆಕ್ಕ ಹಿಡಿದರೂ ಒಳಗೆ ಸುಮಾರು ಎರಡೂವರೆ ಕಿಲೋವ್ಯಾಟ್‌ನ ಹೀಟರ್ ಉರಿದಂತೆ. ಆದ್ದರಿಂದ 25 ನಿಮಿಷಕ್ಕೆ ಮುಗಿಸಿ, ಮುಂದಿನ ತಂಡಕ್ಕೆ ಮೊದಲು ಬಾಗಿಲು ತೆರೆದಿಡಿ. ಕತ್ತಲೆಗೆ ಹೆದರುವ ಮಕ್ಕಳನ್ನು ಬಾಗಿಲ ಪಕ್ಕ ಕೂರಿಸಿ. ಲೆನ್ಸಿನ ಸುತ್ತ ಒಂದು ಮೀಟರ್ ಜಾಗಕ್ಕೆ ಹಗ್ಗ ಕಟ್ಟಿ, ಬಗ್ಗಿ ಲೆನ್ಸಿನೊಳಗೆ ಇಣುಕುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ.

ಕರೆಂಟ್ ಹೋದರೆ ಗುಮ್ಮಟ ಥಟ್ಟನೆ ಬೀಳುವುದಿಲ್ಲ, ಮೆಲ್ಲಗೆ ಕುಸಿಯುತ್ತದೆ. ಟಾರ್ಚ್ ಹಚ್ಚಿ, ಜಿಪ್ ಪೂರ್ತಿ ಎಳೆದು, ಬಾಗಿಲ ಹತ್ತಿರದವರಿಂದ ಶುರುಮಾಡಿ ಸಾಲಾಗಿ ಕಳಿಸಲು ಸಮಯವಿರುತ್ತದೆ. ಹೊರಗೊಬ್ಬರು, ಒಳಗೊಬ್ಬರು ದೊಡ್ಡವರು ಇರಲೇಬೇಕು. ಮೊದಲ ಆಟಕ್ಕೆ ಮುಂಚೆ, ಒಳಗೆ ಯಾರೂ ಇಲ್ಲದಾಗ, ಬ್ಲೋವರ್ ಆರಿಸಿ ಬಟ್ಟೆ ತಲೆಮಟ್ಟಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿಟ್ಟುಕೊಳ್ಳಿ.

ಮಡಚುವ ಮೊದಲು ಪ್ರೊಜೆಕ್ಟರ್‌ನ ಫ್ಯಾನ್ ನಿಲ್ಲುವ ತನಕ ಕಾಯಿರಿ, ಲೆನ್ಸಿಗೆ ಮುಚ್ಚಳ ಹಾಕಿ. ಮೇಲ್ಮುಖದ ಲೆನ್ಸಿಗೆ ದೂಳು ನೇರ ಬೀಳುತ್ತದೆ. ಮಳೆಗಾಲದಲ್ಲಿ ಗುಮ್ಮಟದ ಒಳಮೈ ಮಕ್ಕಳ ಉಸಿರಿಗೇ ತೇವವಾಗಿರುತ್ತದೆ, ಖಾಲಿ ಗುಮ್ಮಟಕ್ಕೆ ಅರ್ಧ ಗಂಟೆ ಬ್ಲೋವರ್ ಓಡಿಸಿ ಒಣಗಿಸಿಯೇ ಸುತ್ತಿ, ಇಲ್ಲವಾದರೆ ಎರಡು ವಾರದಲ್ಲಿ ಬೂಷ್ಟು. ಇಲಿ ಬರದಂತೆ ತಗಡಿನ ಟ್ರಂಕಿನಲ್ಲಿಡಿ. ನುಸಿಗುಳಿಗೆ ಮಾತ್ರ ಹಾಕಬೇಡಿ, ಮುಂದಿನ ಆಟದುದ್ದಕ್ಕೂ ಆಕಾಶಗಂಗೆ ಅಜ್ಜಿಯ ಬೀರುವಿನ ವಾಸನೆ ಹೊಡೆಯುತ್ತದೆ.