ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಸಿಗುವ ದೈತ್ಯ ಗ್ರಹ

ಬೇರೆ ಸೂರ್ಯನ ಗ್ರಹವನ್ನು ಹಿಡಿಯಲು ವೀಕ್ಷಣಾಲಯವೇ ಬೇಕೆಂದಿಲ್ಲ. ಡಿಎಸ್‌ಎಲ್‌ಆರ್, 200 ಮಿ.ಮೀ. ಎಫ್/2.8 ಲೆನ್ಸ್, ಆಕಾಶದ ತಿರುಗಾಟಕ್ಕೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಒಂದು ಸ್ಟಾರ್ ಟ್ರ್ಯಾಕರ್ ಇದ್ದರೆ ಎಚ್‌ಡಿ 189733 ಬಿ ಶಿರಸಿಯ ಗದ್ದೆಬಯಲಿನಿಂದಲೇ ಸಿಗುತ್ತದೆ. 2005ರಲ್ಲಿ ಪತ್ತೆಯಾದ ಈ ಅನಿಲ ದೈತ್ಯ ಗುರುವಿಗಿಂತ ತುಸು ದೊಡ್ಡದು, ಸುಮಾರು 64 ಜ್ಯೋತಿರ್ವರ್ಷ ದೂರದಲ್ಲಿದೆ. ಗ್ರಹ ನೇರವಾಗಿ ಕಾಣುವುದಿಲ್ಲ. ನಕ್ಷತ್ರಕ್ಕೆ ಅದು ಅಡ್ಡ ಬಂದಾಗ ಬೆಳಕು ಶೇ 2.4ರಷ್ಟು ಇಳಿಯುತ್ತದೆ, ಸುಮಾರು 1 ಗಂಟೆ 50 ನಿಮಿಷ. ಹೆಸರಾಂತ ಎಚ್‌ಡಿ 209458 ಬಿಯ ಇಳಿತ ಶೇ 1.5 ಮಾತ್ರ, ಮೂರು ತಾಸು ಕಾಯಬೇಕು. ಹೊಸಬರಿಗೆ ಮೊದಲನೆಯದೇ ಸರಿ.

ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆಯ ವಾರಗಳು ಉತ್ತಮ. ಏಳು ಗಂಟೆಗೆ ನಕ್ಷತ್ರ ನೆತ್ತಿಯ ಹತ್ತಿರವೇ ಇರುತ್ತದೆ, ಹತ್ತೂವರೆವರೆಗೂ ಸಾಕಷ್ಟು ಎತ್ತರದಲ್ಲಿರುತ್ತದೆ. ಗುರುತು ಸುಲಭ: ಡಂಬೆಲ್ ನೀಹಾರಿಕೆಯ ಪೂರ್ವಕ್ಕೆ ಕಾಲು ಡಿಗ್ರಿ, ಕಾಂತಿಮಾನ (ಹೊಳಪಿನ ಅಳತೆ) 7.7, ಬರಿಗಣ್ಣಿಗೆ ಕಾಣದಷ್ಟು ಮಂಕು. ಸಂಕ್ರಮಣದ, ಅಂದರೆ ಗ್ರಹ ಅಡ್ಡ ಬರುವ ವೇಳೆಯ, ಪಟ್ಟಿಯಲ್ಲಿ ಸಮಯ ಯುಟಿಯಲ್ಲಿದ್ದರೆ (ವಿಶ್ವ ಸಮಯ) ಐದೂವರೆ ತಾಸು ಕೂಡಿಸಿಕೊಳ್ಳಿ. ಇಳಿತಕ್ಕೆ ಮೊದಲು ಮತ್ತು ನಂತರ 45 ನಿಮಿಷವಾದರೂ ಚಿತ್ರ ತೆಗೆಯಲೇಬೇಕು, ಇಲ್ಲವಾದರೆ ಎಲ್ಲಿಂದ ಇಳಿಯಿತು ಎಂದು ಹೇಳಲಾಗದು.

ಫೋಕಸ್ ಬೇಕೆಂದೇ ಕೆಡಿಸಿ. ಚುಕ್ಕೆ 10–12 ಪಿಕ್ಸೆಲ್ ಅಗಲವಾದರೆ ಯಾವ ಪಿಕ್ಸೆಲ್ಲೂ ತುಂಬಿ ಹರಿಯುವುದಿಲ್ಲ, ಒಂದೆರಡು ಪಿಕ್ಸೆಲ್‌ಗಳ ದೋಷವೂ ಹಂಚಿಹೋಗುತ್ತದೆ. ರಾ ಫೈಲ್, ಐಎಸ್‌ಒ 200, 30 ಸೆಕೆಂಡಿನಿಂದ ಶುರು ಮಾಡಿ; ತುಂಬಿದರೆ ಇಳಿಸಿ. ಜೆಪೆಗ್ ಬೇಡವೇ ಬೇಡ: ಅದರಲ್ಲಿ ಕ್ಯಾಮೆರಾ ಬೆಳಕನ್ನು ತನಗೆ ಬೇಕಾದಂತೆ ತಿದ್ದಿರುತ್ತದೆ. ದೋಷ ಕಳೆಯಲು ಡಾರ್ಕ್ (ಲೆನ್ಸ್ ಮುಚ್ಚಿ ತೆಗೆದ), ಫ್ಲಾಟ್ (ಸಮನಾಗಿ ಬೆಳಗಿದ ಮೇಲ್ಮೈಯ) ಚಿತ್ರಗಳು ತಲಾ 20 ಇರಲಿ.

ನಮ್ಮ ಕಡೆಯ ದೊಡ್ಡ ತೊಡಕು ಧ್ರುವ ನಕ್ಷತ್ರ; ಟ್ರ್ಯಾಕರನ್ನು ಅದರತ್ತಲೇ ಗುರಿಯಿಟ್ಟು ಕೂರಿಸಬೇಕು. ಶಿರಸಿಯಲ್ಲಿ ಅದರ ಎತ್ತರ 14.6 ಡಿಗ್ರಿ ಅಷ್ಟೇ. ಅಡಕೆ ತೋಟ ಅಡ್ಡ ಬಂದರೆ ಮುಗಿಯಿತು. ಉತ್ತರಕ್ಕೆ ಬಯಲಿರುವ ಜಾಗವನ್ನು ಹಗಲಲ್ಲೇ ನೋಡಿಟ್ಟುಕೊಳ್ಳಿ. ಟ್ರ್ಯಾಕರ್ ಸರಿ ಕೂರದಿದ್ದರೆ ಚುಕ್ಕೆ ತಾಸುಗಟ್ಟಲೆ ಸೆನ್ಸರ್ ಮೇಲೆ ಸರಿಯುತ್ತಾ ಸುಳ್ಳು ಏರಿಳಿತ ಹುಟ್ಟಿಸುತ್ತದೆ. ಎರಡನೆಯದು ಇಬ್ಬನಿ. ಲೆನ್ಸ್ ಒದ್ದೆಯಾದ ಮೇಲೆ ಒರೆಸಿದರೆ ಆ ರಾತ್ರಿಯ ಅಳತೆ ಕೆಟ್ಟಂತೆಯೇ. ಪವರ್ ಬ್ಯಾಂಕಿನಿಂದ ನಡೆಯುವ ಹೀಟರ್ ಪಟ್ಟಿಯನ್ನು ಮೊದಲೇ ಸುತ್ತಿ. ಕಾರವಾರದ ಕಡಲಂಚಿನಲ್ಲಿ ಇಬ್ಬನಿ ಇನ್ನೂ ಜಾಸ್ತಿ. ಅಲ್ಲಿ ನಕ್ಷತ್ರ ಕೊನೆಗೆ ಸಮುದ್ರದ ಮಬ್ಬಿಗೂ ಇಳಿಯುವುದರಿಂದ ಒಳನಾಡಿನ ಬಯಲೇ ಮೇಲು.

ಅಳತೆಗೆ ಉಚಿತ ತಂತ್ರಾಂಶವಾದ ಆಸ್ಟ್ರೋಇಮೇಜ್‌ಜೆ ಸಾಕು. ಹಸಿರು ಪಿಕ್ಸೆಲ್‌ಗಳನ್ನು ಮಾತ್ರ ಎಣಿಸಿ, ಹತ್ತಿರದ ಎರಡು ಮೂರು ನಕ್ಷತ್ರಗಳ ಬೆಳಕಿನಿಂದ ಭಾಗಿಸಿ. ನಾವು ಅಳೆಯುವುದು ಕಿತ್ತಳೆ ಛಾಯೆಯ ನಕ್ಷತ್ರ. ಹೋಲಿಕೆಗೆ ನೀಲಿ ನಕ್ಷತ್ರ ಆರಿಸಿದರೆ ಪಶ್ಚಿಮಕ್ಕೆ ಇಳಿದಂತೆ ಅದೇ ಬೇಗ ಮಂಕಾಗಿ ಬೆಳಕಿನ ನಕ್ಷೆಯ ಗೆರೆ ಮೇಲಕ್ಕೆ ವಾಲುತ್ತದೆ. ಬಿಡಿ ಚಿತ್ರಗಳಲ್ಲಿ ಚೆದುರಾಟ ಇದ್ದೇ ಇರುತ್ತದೆ. ಐದೈದು ನಿಮಿಷದ ಸರಾಸರಿ ತೆಗೆದರೆ ಇಳಿತ ಎದ್ದು ಕಾಣುತ್ತದೆ.

ಮೋಡ ಕವಿದರೆ? ಗ್ರಹದ ಸುತ್ತು 2 ದಿನ 5 ಗಂಟೆ 15 ನಿಮಿಷ. ಹನ್ನೊಂದು ದಿನಕ್ಕೆ ಸುಮಾರು ಎರಡೂಕಾಲು ತಾಸು ತಡವಾಗಿ, ಇಪ್ಪತ್ತು ದಿನಕ್ಕೆ ಮುಕ್ಕಾಲು ತಾಸು ಬೇಗ ಸಂಕ್ರಮಣ ಮತ್ತೆ ಬರುತ್ತದೆ.