ಈಟಿ ಗನ್ನನ್ನು ನೀರಲ್ಲಿ ಮಲಗಿಸಿದ ದಿನ

ಮನೆಯಲ್ಲೇ ಮಾಡಿದ ಮರದ ಸ್ಪಿಯರ್‌ಗನ್, ಅಂದರೆ ನೀರೊಳಗೆ ರಬ್ಬರಿನ ಎಳೆತದಿಂದ ಮೀನಿಗೆ ಈಟಿ ಹೊಡೆಯುವ ಗನ್, ಮೊದಲ ಸಲ ನೀರಿಗಿಳಿಯುವ ದಿನಕ್ಕೆ ಕಾಯುತ್ತಿದ್ದೆ. ಈಟಿ ಹೊಡೆಯುವುದಕ್ಕಲ್ಲ, ಸುಮ್ನೆ ತೇಲಿಸಿ ನೋಡುವುದಕ್ಕೆ. ಎಷ್ಟು ದೂರ ಹೊಡೆಯುತ್ತದೆ ಅಂತಲೇ ಎಲ್ಲರೂ ಕೇಳುತ್ತಾರೆ. ನನಗೆ ಮಾತ್ರ ಅದು ನೀರಲ್ಲಿ ಹೇಗೆ ಮಲಗುತ್ತದೆ ಅನ್ನುವುದೇ ದೊಡ್ಡ ವಿಷಯ. ಮೂತಿ ಭಾರವಾದರೆ ಅದನ್ನು ಎತ್ತಿ ಹಿಡಿಯುವುದರಲ್ಲೇ ಮಣಿಕಟ್ಟು ಸೋತುಹೋಗುತ್ತದೆ. ಆಮೇಲೆ ಗುರಿ ಎಲ್ಲಿಂದ ಬರಬೇಕು?

ಮೈಯೆಲ್ಲ ತೇಗ. ಒಂದೇ ಹಲಗೆಯನ್ನು ಪಟ್ಟಿಗಳಾಗಿ ಸೀಳಿ, ಪಕ್ಕದ ಪಟ್ಟಿಯನ್ನು ತಿರುಗಿಸಿಟ್ಟು ಅಂಟಿಸಿದ್ದೆ. ಒಂದು ಎಡಕ್ಕೆ ಬಾಗಲು ನೋಡಿದರೆ ಇನ್ನೊಂದು ಬಲಕ್ಕೆ ಎಳೆಯುತ್ತದೆ, ಮೈ ನೇರವಾಗಿ ನಿಲ್ಲುತ್ತದೆ. ತೇಗದಲ್ಲಿ ಎಣ್ಣೆ ಜಾಸ್ತಿ ಅಲ್ವಾ? ಅದಕ್ಕೇ ಎಪಾಕ್ಸಿ ಅಂಟು ಹಚ್ಚುವ ಮುಂಚೆ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಪಟ್ಟಿಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ವಿಪರೀತ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಅಂಚಿನ ಉದ್ದಕ್ಕೂ ಸಣ್ಣ ಹನಿಗಳ ಸಾಲು ಮೂಡಿದರೆ ಅಲ್ಲಿಗೆ ನಿಲ್ಲಿಸಬೇಕು. ಟ್ರಿಗರ್ ಮಾತ್ರ ಕೊಂಡು ತಂದದ್ದು. ಎರಡು ರಬ್ಬರಿನ ಎಳೆತವನ್ನು ತಡೆದು ನಿಲ್ಲುವ ಸ್ಟೀಲಿನ ಕೊಕ್ಕೆಯನ್ನು ಮನೆಯಲ್ಲಿ ಅರ ಹಿಡಿದು ಉಜ್ಜಿ ಮಾಡಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ನೀರಿಗಿಳಿಸುವ ಮುಂಚೆ ಲೆಕ್ಕ ಹಾಕಿದ್ದೆ. ಮರದ ಮೈ ಸುಮಾರು ಒಂದೂವರೆ ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಮೈಯ ತೂಕ 970 ಗ್ರಾಂ. ಅಂದರೆ 530 ಗ್ರಾಂ ಹೊರುವ ಶಕ್ತಿ ಅದಕ್ಕಿದೆ. 7 ಮಿಲಿಮೀಟರ್ ದಪ್ಪ, 140 ಸೆಂಟಿಮೀಟರ್ ಉದ್ದದ ಸ್ಟೀಲ್ ಈಟಿ 420 ಗ್ರಾಂ ತೂಗುತ್ತದೆ, ನೀರೊಳಗೆ 365ರ ಹತ್ತಿರ. ಟ್ರಿಗರ್, ತಿರುಪುಗಳು ಸೇರಿ ಇನ್ನೊಂದು 130. ರಬ್ಬರ್ ಹೆಚ್ಚುಕಡಿಮೆ ನೀರಿನಷ್ಟೇ ತೂಕ, ಅದನ್ನು ಬಿಟ್ಟೆ. ಉಳಿದದ್ದು 35 ಗ್ರಾಂ, ಅದನ್ನು ಸೀಸ ಕಟ್ಟಿ ಸರಿದೂಗಿಸಬೇಕು. ಈಟಿ ಇದ್ದಾಗ ಗನ್ ತೇಲಲೂ ಬಾರದು, ದಡಕ್ಕನೆ ಮುಳುಗಲೂ ಬಾರದು. ಈಟಿ ಹೋದ ಮೇಲೆ ಮಾತ್ರ ತೇಲಲೇಬೇಕು, ಕೈಜಾರಿದರೂ ಸಿಗಬೇಕಲ್ಲ.

ಮರಕ್ಕೆ ತೆಳುವಾಗಿ ಒಂದು ಕೋಟ್ ಎಪಾಕ್ಸಿ ಹಚ್ಚಿ ಒಣಗಿಸಿದ್ದೆ. ರಬ್ಬರ್ ಎಳೆಯದೆ ಈಟಿಯನ್ನು ಟ್ರಿಗರಿಗೆ ಸಿಕ್ಕಿಸಿ, ನೀರಿನ ತೊಟ್ಟಿಯಲ್ಲಿ ನಿಧಾನಕ್ಕೆ ಕೈಬಿಟ್ಟೆ. ತಮ್ಮ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ.

"ಅಣ್ಣಾ, ಮೂತಿ ಕೆಳಗೆ ಹೋಗ್ತಿದೆ ನೋಡು."

ಹೋಗಲೇಬೇಕು. ಈಟಿ ಮೂತಿಯಿಂದ ಮುಂದಕ್ಕೆ ಚಾಚಿಕೊಂಡಿರುತ್ತದೆ, ಭಾರವೆಲ್ಲ ಆ ಕಡೆಗೇ. ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ಟೇಪಿನಲ್ಲಿ ಸುತ್ತಿ ಹಿಡಿಯ ಹತ್ತಿರ ಹೊಟ್ಟೆಯಡಿ ಅಂಟಿಸಿದೆ. ಮೂತಿ ಮೇಲೆದ್ದಿತು, ಸ್ವಲ್ಪ ಹೆಚ್ಚೇ ಎದ್ದಿತು. ಪೊಟ್ಟಣವನ್ನು ಒಂದು ಬೆರಳಗಲ ಮುಂದೆ ಸರಿಸಿದೆ. ಇನ್ನೊಂದು ಅರ್ಧ ಬೆರಳು. ಗನ್ ತಕ್ಕಡಿ ದಂಡಿಗೆಯ ಹಾಗೆ ಅತ್ತಿತ್ತ ತೂಗಿ ಮಟ್ಟವಾಗಿ ನಿಂತಿತು. ಸೀಸ ಅಷ್ಟಕ್ಕೇ ಸಾಕು ಅಂದೆ, ತಮ್ಮ ಇನ್ನೂ ಹಾಕೋಣ ಅಂದ. ಬೇಡ, ಸಮುದ್ರದ ನೀರು ಇದಕ್ಕಿಂತ ನೂರಕ್ಕೆ ಎರಡೂವರೆಯಷ್ಟು ಭಾರ, ಅಲ್ಲಿ ಇದೇ ಮೈಗೆ ಇನ್ನೂ 35-40 ಗ್ರಾಂ ಎತ್ತುವ ಬಲ ಸಿಗುತ್ತದೆ. ಅದಕ್ಕೆ ಬೇಕಾದ ಕೊನೆಯ ಗುಂಡುಗಳನ್ನು ಉಪ್ಪುನೀರಲ್ಲೇ ಹಾಕಿ ನೋಡಬೇಕು.

ಆಮೇಲೆ ಈಟಿ ತೆಗೆದು ಗನ್ನನ್ನಷ್ಟೇ ನೀರಿಗೆ ಬಿಟ್ಟೆ. ಹಿಡಿ ಕೆಳಗೆ, ಮೂತಿ ನೀರಿನಿಂದ ಮೇಲೆ. ತಮ್ಮ ಕೈಯಿಂದ ಒತ್ತಿ ತಳಕ್ಕೆ ತಳ್ಳಿದ, ಬುಳಕ್ಕನೆ ಮತ್ತೆ ಎದ್ದು ಬಂತು. ನನಗಾದ ಖುಷಿ ಹೇಳತೀರದು.

ಸೀಸ ಕೂರಬೇಕಾದ ಜಾಗಕ್ಕೆ ಉಳಿಯ ಮೂಲೆಯಿಂದ ಗುರುತು ಹಾಕಿಕೊಂಡೆ. ಸೀಸ ಕೂರಿಸುವ ರಂಧ್ರಗಳನ್ನು ಕೊರೆಯುವುದು ಉಪ್ಪುನೀರಲ್ಲಿ ನೋಡಿದ ಮೇಲೆ. ಗನ್ನನ್ನು ಒರೆಸಿ ನೆರಳಿನಲ್ಲಿ ಒಣಗಲು ಇಟ್ಟಿದ್ದೇನೆ, ದಿನಾ ತೂಗುತ್ತಿದ್ದೇನೆ. ತೂಕ ಮೊದಲಿನಷ್ಟಕ್ಕೆ ಇಳಿದ ಮೇಲೇ ಎರಡನೇ ಕೋಟ್. ಟ್ರಿಗರ್ ಕೂರುವ ಗೂಡಿನ ಒಳಮೈಗೆ ಮೊದಲು ಹಚ್ಚಬೇಕು, ಅಲ್ಲಿ ಮರದ ಎಳೆಯ ತುದಿಗಳು ಬಾಯಿ ತೆರೆದುಕೊಂಡಿವೆ, ನೀರು ಕುಡಿಯುವುದೇ ಅಲ್ಲಿಂದ.